ಮೂವತ್ತಮೂರೂವರೆ ಡಿಗ್ರಿ

ಬಿಸಿಲ ನಾಡುಗಳಲ್ಲಿ ಹರಸುತ್ತಾರಂತೆ,
ನಿನ್ನ ಹೊಟ್ಟೆ ತಣ್ಣಗಿರಲಿ ಎಂದು.
ಔಲು ಪಟ್ಟಣದಲ್ಲಿ ಯಾರೂ ಹಾಗೆ ಹರಸುವುದಿಲ್ಲ.
ಇಲ್ಲಿ ಜನವರಿಯ ಕಡಲ ಮೇಲೆ ಕಾರು ಓಡುತ್ತವೆ;
ಕೂಸು ಹುಟ್ಟಿತೆಂದರೆ ಮನೆ ಮೊದಲು ಹುಡುಕುವುದು ಉಣ್ಣೆ.

ಅಜ್ಜಿ ಔನೆ ಹೆಣೆದ ಟೊಪ್ಪಿಗೆ,
ಹೆಬ್ಬೆರಳುದ್ದದ ಎರಡು ಕಾಲುಚೀಲ
ಕಾಗದದ ಪೊಟ್ಟಣದಲ್ಲಿ ನನ್ನ ಮೇಜಿನ ಮೇಲಿವೆ.
ತೊಡಿಸುವಂತಿಲ್ಲ.
ಹುಟ್ಟಿ ಹನ್ನೊಂದು ನಿಮಿಷ ಉಸಿರು ಮರೆತ ಮಗುವನ್ನು
ನಾವೇ ತಣ್ಣಗೆ ಮಾಡುತ್ತಿದ್ದೇವೆ, ಬೇಕೆಂದೇ,
ನೀರು ಹರಿಯುವ ಹಾಸಿಗೆಯ ಮೇಲೆ,
ಎಪ್ಪತ್ತೆರಡು ಗಂಟೆ.
ಉರಿಯುವ ಮಿದುಳಿಗೆ ಒಂದು ಚಳಿಗಾಲ ಕೊಟ್ಟರೆ
ಒಳಗಿನ ಬೇರು ಉಳಿಯಬಹುದು.
ಬಹುದು, ಅಷ್ಟೆ.

ನನ್ನ ಕೆಲಸ ಅದರ ಮುಂದಿನದು.
ಎರಡು ಸೀಸೆ. ಒಂದರಲ್ಲಿ ಹೊಸ ಔಷಧಿ,
ಇನ್ನೊಂದರಲ್ಲಿ ಬರೀ ಉಪ್ಪುನೀರು.
ಯಾವುದು ಯಾವುದೆಂದು ನನಗೆ ಗೊತ್ತಿಲ್ಲ,
ಡಾಕ್ಟರ್ ರೌಟಿಯೋಗೂ ಗೊತ್ತಿಲ್ಲ,
ಗೊತ್ತಿರಬಾರದು; ಸಂಶೋಧನೆಯ ಮಡಿ ಅದು.
ಇದನ್ನು ನಲವತ್ತೊಂದು ಸಲ ಹೇಳಿದ್ದೇನೆ,
ಹೆಚ್ಚಾಗಿ ನಸುಕಿನಲ್ಲಿ, ಹೆಚ್ಚಾಗಿ ನಿಂತುಕೊಂಡೇ,
ಕೇಳುವವರ ಪಾದ ನೋಡುತ್ತಾ.

ನಲವತ್ತೆರಡನೆಯವನು ಒಟ್ಸೊ.
ತಾಯಿ ಹೆನ್ರಿಕ್ಕಾ ಇನ್ನೂ ಅರಿವಳಿಕೆಯಲ್ಲಿ.
ಇವನು ಗಾಲಿಕುರ್ಚಿಯಲ್ಲಿ, ಕೊರಳಿಗೆ ಕೊಳವೆ.
ಅವಳಿಗೆ ಐದು ತಿಂಗಳಾಗಿದ್ದಾಗ
ದೋಣಿಗೆ ಬಣ್ಣ ಬಳಿಯುತ್ತಿದ್ದವನು
ಕುಂಚ ಹಿಡಿದಂತೆಯೇ ಕುಸಿದಿದ್ದ.
ಮಿದುಳಿನ ಬುಡದಲ್ಲಿ ಗೋಧಿಕಾಳಿನಷ್ಟು ಹೆಪ್ಪು.
ಉಳಿದದ್ದು ಕಣ್ಣು.

ಅವನ ಮುಂದೊಂದು ಪರದೆ, ಅದರಡಿಗೆ ಕ್ಯಾಮೆರಾ;
ನೋಟ ನಿಂತಲ್ಲಿ ಅಕ್ಷರ ಒತ್ತಿಕೊಳ್ಳುತ್ತದೆ.
ಯಂತ್ರ ಬಲು ಜಾಣ. ನನ್ನ ಮಾತು ಮುಗಿಯುವ ಮೊದಲೇ
ಮೂಲೆಯಲ್ಲಿ ಉತ್ತರ ಬಡಿಸಿಟ್ಟಿತ್ತು:
ಹೌದು. ಇಲ್ಲ. ಬಾಯಾರಿಕೆ.
ಯಾವುದನ್ನೂ ಮುಟ್ಟದೆ
ಒಂದೊಂದೇ ಅಕ್ಷರ ಹೆಕ್ಕಿದ, ನಾಲ್ಕು ನಿಮಿಷ.
ಔಷಧಿಯ ಗಡುವು ಗೋಡೆಯ ಮೇಲೆ ಟಿಕ್ಕೆನ್ನುತ್ತಿತ್ತು.

ಅವಳಿಗೆ ಚಳಿಯಾಗುತ್ತಿದೆಯಾ

ಪ್ರಶ್ನೆಯ ಕೊಕ್ಕೆ ಹಾಕುವಷ್ಟು ತ್ರಾಣ ಇರಲಿಲ್ಲ.
ಮುಂಚಿನ ನಲವತ್ತೊಂದು ಮಂದಿ ಶೇಕಡಾ ಎಷ್ಟು ಎಂದಿದ್ದರು.
ನನ್ನ ಹತ್ತೊಂಬತ್ತು ಪುಟದ ಮಾಹಿತಿಪತ್ರದಲ್ಲಿ
ಚಳಿ ಎಂಬ ಮಾತೇ ಇಲ್ಲ;
ದೇಹದ ಉಷ್ಣಾಂಶ ನಿಯಂತ್ರಣ ಇದೆ, ಏಳು ಕಡೆ.
ಆಗುತ್ತಿದೆ, ಅಂದೆ. ನಡುಗದಿರಲೆಂದು
ಚೂರೇ ಚೂರು ಮಾರ್ಫಿನ್ ಕೊಡುತ್ತಿದ್ದೇವೆ.
ಒಂದು ಅಂಗೈ ಮಾತ್ರ ಬೆಚ್ಚಗಿದೆ,
ಆಗಾಗ ನನ್ನ ಬೆರಳು ಹಿಡಿಸುತ್ತೇನೆ. ನಿಯಮದಲ್ಲಿ ಇಲ್ಲದ್ದು.
ಅವನು ಎವೆಯಿಕ್ಕದೆ ಆ ಪೊಟ್ಟಣವನ್ನೇ ನೋಡಿದ.
ಆಮೇಲೆ ನೋಟ ಮೂಲೆಗೆ ಸರಿಯಿತು:
ಹೌದು.

ಸಹಿಯ ಕಾಲಮ್ಮಿಗೆ ಗೊತ್ತಿರುವುದು ಕೈಯೊಂದೇ.
ಕಣ್ಣಿನಿಂದ, ಎಂದು ಬರೆದೆ. ಮೂರು ಗಂಟೆ ಹದಿನಾಲ್ಕು.
ಸಾಕ್ಷಿಗೆ ನನ್ನ ಹೆಸರು. ಸಮಿತಿ ಏನನ್ನುತ್ತದೋ.

ನಾಲ್ಕನೆಯ ದಿನ ಬಿಸಿಯೇರಿಸಿದೆವು, ಗಂಟೆಗೆ ಅರ್ಧ ಡಿಗ್ರಿ;
ಕೊಟ್ಟ ಚಳಿಗಾಲವನ್ನು ಹಿಂದಕ್ಕೆ ಪಡೆಯಲೂ ನಾಜೂಕು ಬೇಕು.
ಔನೆ ಟೊಪ್ಪಿಗೆ ತೊಡಿಸಿದಳು. ಹುಬ್ಬಿನವರೆಗೆ ಜಾರಿತು.
ತಂದೆಯ ಎದೆಯ ಮೇಲೆ ಮಲಗಿಸಿದೆವು, ಪರದೆಗೆ ಮುಖ ಮಾಡಿ,
ಬೇರೆ ಯಾವ ಬಗೆಗೂ ಕೊಳವೆ ಒಪ್ಪಲಿಲ್ಲ.

ಅವಳು ಕಣ್ಣು ಬಿಟ್ಟಳು.

ಕ್ಯಾಮೆರಾಗೆ ಯಾರ ಕಣ್ಣೆಂದು ತಿಳಿಯಲಿಲ್ಲ.
ಬಾಣದ ಗುರುತು ಪರದೆ ತುಂಬ ತೂರಾಡಿ
ಕೊನೆಗೊಂದು ಅಕ್ಷರದ ಮೇಲೆ ಕುಕ್ಕರಿಸಿತು:
ವರ್ಣಮಾಲೆ ಒಪ್ಪಿಸುವಾಗಷ್ಟೇ ನಾಲಿಗೆಗೆ ಬಂದು
ಮತ್ತೆ ಯಾವ ಮಾತಿಗೂ ಒದಗದ ಅಕ್ಷರ.
ಯಂತ್ರ ಅದನ್ನು ಗಟ್ಟಿಯಾಗಿ ಓದಿತು,
ಹಳೆಯ ಫೋನುಗಳಿಂದ ಸೋಸಿ ತೆಗೆದ ಅವನದೇ ದನಿಯಲ್ಲಿ.
ಹೆನ್ರಿಕ್ಕಾ ಹೊಲಿಗೆ ಒತ್ತಿ ಹಿಡಿದು ನಕ್ಕಳು.

ಇದನ್ನು ದಾಖಲೆಗೆ ಸೇರಿಸಿಲ್ಲ.
ಎರಡು ವರ್ಷ ಕಾಯಬೇಕು: ನಡೆಯುತ್ತಾಳೋ,
ಮರದ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುತ್ತಾಳೋ.
ಯಾವ ಸೀಸೆ ಎಂದು ಆಗಲೂ ನನಗೆ ಹೇಳಲಿಕ್ಕಿಲ್ಲ.

ಅಳಿಸುವ ಗುಂಡಿ ಪರದೆಯ ಬಲಕ್ಕೆ, ಕೆಂಪಗೆ.
ಒಟ್ಸೊ ಅತ್ತ ನೋಡಲೇ ಇಲ್ಲ.